ತಂಜಾವೂರು ಸೀಮೆಯ ಹಳ್ಳಿಮನೆಯಲ್ಲಿ ನಾಲ್ಕು ದಿನ: ಹೋಗುವುದು ಹೇಗೆ, ಇರುವುದು ಹೇಗೆ

ತಮಿಳುನಾಡು ಪ್ರವಾಸ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ದೇವಸ್ಥಾನಗಳ ಪಟ್ಟಿ. ಬೆಳಗ್ಗೆ ಕುಂಭಕೋಣಂ, ಮಧ್ಯಾಹ್ನ ತಂಜಾವೂರು, ರಾತ್ರಿ ಶ್ರೀರಂಗ. ಟೆಂಪೊ ಟ್ರಾವೆಲರ್ ಹತ್ತಿ, ಇಳಿದು, ಸಾಲಲ್ಲಿ ನಿಂತು, ಮತ್ತೆ ಹತ್ತುತ್ತೇವೆ. ಕಿಟಕಿಯಾಚೆ ಮೈಲುಗಟ್ಟಲೆ ಭತ್ತದ ಗದ್ದೆ ಓಡುತ್ತಿರುತ್ತದೆ. ತೆಂಗು, ಬಾಳೆ, ಸಣ್ಣ ನಾಲೆ, ಅದರ ಮೇಲೊಂದು ಸೇತುವೆ, ಆಚೆಗೆ ಒಂದೇ ಬೀದಿಯ ಊರು. ಆ ಊರಿನಲ್ಲಿ ಯಾರೂ ಇಳಿಯುವುದಿಲ್ಲ.

ಅಲ್ಲಿ ಇಳಿಯಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕುಂಭಕೋಣಂ, ಪಾಪನಾಶಂ, ತಿರುವೈಯಾರು ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ ಒಂದು ಮನೆ ಹಿಡಿದು, ನಾಲ್ಕು ದಿನ ಅಲ್ಲೇ ಇರುವುದು. ಎರಡು ದಿನ ಸಾಲದು. ಮೊದಲ ದಿನ ಪ್ರಯಾಣದ ಆಯಾಸದಲ್ಲಿ ಹೋಗುತ್ತದೆ, ಎರಡನೇ ದಿನ ಹೊರಡುವ ಯೋಚನೆಯಲ್ಲಿ. ಮೂರನೇ ಬೆಳಗ್ಗೆ ಮನೆಯವರು ನಿಮ್ಮನ್ನು ಕೇಳದೆಯೇ ಕಾಫಿ ತಂದುಕೊಡುತ್ತಾರಲ್ಲ, ನಿಜವಾದ ರಜೆ ಶುರುವಾಗುವುದು ಆಗ.

ಮೊದಲು ತಿಂಗಳು ಆರಿಸಿ, ಆಮೇಲೆ ಮನೆ

ಎಲ್ಲರೂ ಮೊದಲು ಮನೆ ಹುಡುಕುತ್ತಾರೆ. ಇಲ್ಲಿಗೆ ಆ ಕ್ರಮ ಸರಿಹೋಗುವುದಿಲ್ಲ. ಈ ಸೀಮೆಯಲ್ಲಿ ಎಲ್ಲವೂ ನೀರಿನ ಮೇಲೆ ನಿಂತಿದೆ. ನಮ್ಮ ಕಡೆಯಿಂದ ಹರಿದು, ಹೊಗೇನಕಲ್ ಇಳಿದು ಹೋದ ಕಾವೇರಿ ಮೆಟ್ಟೂರಿನಲ್ಲಿ ನಿಲ್ಲುತ್ತದೆ. 1934ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟಿನಿಂದ ಡೆಲ್ಟಾದ ಗದ್ದೆಗಳಿಗೆ ನೀರು ಬಿಡುವ ವಾಡಿಕೆಯ ದಿನ ಜೂನ್ 12. ನಿಲ್ಲಿಸುವ ದಿನ ಜನವರಿ 28. ಮಳೆ ಕೈಕೊಟ್ಟ ವರ್ಷ ಈ ತಾರೀಕು ಮುಂದೆ ಹೋಗುತ್ತದೆ. ನೀವು ಯಾವ ಊರನ್ನು ನೋಡುತ್ತೀರಿ ಅನ್ನುವುದು ಈ ಎರಡು ತಾರೀಕುಗಳ ಯಾವ ಕಡೆಗೆ ಹೋಗುತ್ತೀರಿ ಅನ್ನುವುದರ ಮೇಲಿದೆ.

ಏಪ್ರಿಲ್, ಮೇನಲ್ಲಿ ಹೋದರೆ ಕಾವೇರಿ ಇರುವುದಿಲ್ಲ. ಅಗಲವಾದ ಮರಳಿನ ಹಾಸು ಮಾತ್ರ. ನದಿ ನೋಡಲು ಅಂತಲೇ ಹೋದವರಿಗೆ ಬೇಜಾರಾಗುತ್ತದೆ. ಸೆಕೆಯೂ ಜೋರು. ಬೆಂಗಳೂರು, ಮೈಸೂರಿನ ಮೈಗೆ ಅದು ತಡೆಯುವುದಿಲ್ಲ. ಹಾಗಂತ ಬೇಸಿಗೆಗೆ ಏನೂ ಇಲ್ಲ ಅಂತಲ್ಲ. ರಸ್ತೆ ಬದಿಯಲ್ಲಿ ತಾಟಿನಿಂಗು ಸಿಗುತ್ತದೆ. ಮೇ ತಿಂಗಳಲ್ಲಿ, ನರಸಿಂಹ ಜಯಂತಿಯ ಹೊತ್ತಿಗೆ, ತಂಜಾವೂರಿನ ಹತ್ತಿರದ ಮೇಲಟ್ಟೂರಿನಲ್ಲಿ ಭಾಗವತ ಮೇಳ ನಡೆಯುತ್ತದೆ. ತೆಲುಗಿನ ನೃತ್ಯನಾಟಕ, ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಾರೆ, ರಾತ್ರಿಯಿಡೀ ಆಟ. ಯಕ್ಷಗಾನ ನೋಡಿ ಬೆಳೆದವರು ಆ ಒಂದು ಕಾರಣಕ್ಕೆ ಸೆಕೆ ತಡೆದುಕೊಂಡು ಹೋಗಬಹುದು.

ಜುಲೈ, ಆಗಸ್ಟ್‌ನಲ್ಲಿ ನಾಲೆಗಳು ತುಂಬಿರುತ್ತವೆ. ಕುರುವೈ ಅನ್ನುವ ಮೊದಲ ಬೆಳೆ ಗದ್ದೆಯಲ್ಲಿರುತ್ತದೆ. ತಮಿಳರ ಆಡಿ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 2 ಅಥವಾ 3ಕ್ಕೆ, ಆಡಿ ಪೆರುಕ್ಕು. ಹೆಂಗಸರು ಹೊಳೆದಂಡೆಗೆ ಹೋಗಿ ಕಾವೇರಿಗೆ ಪೂಜೆ ಮಾಡುತ್ತಾರೆ. ಅರಿಶಿನದ ದಾರ ಕಟ್ಟಿಕೊಳ್ಳುತ್ತಾರೆ. ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಬುತ್ತಿ ಕಟ್ಟಿಕೊಂಡು ಹೋಗಿ ದಂಡೆಯಲ್ಲೇ ಕೂತು ತಿನ್ನುತ್ತಾರೆ. ಶ್ರೀರಂಗಪಟ್ಟಣದಲ್ಲೋ ತಲಕಾಡಿನಲ್ಲೋ ಕಾವೇರಿಗೆ ಕೈಮುಗಿದವರು ಈ ದಿನ ಅಲ್ಲಿದ್ದರೆ ಹೊರಗಿನವರು ಅನ್ನಿಸಿಕೊಳ್ಳುವುದಿಲ್ಲ.

ಅಕ್ಟೋಬರ್, ನವೆಂಬರ್ ಬೇಡ. ಈಶಾನ್ಯ ಮಾರುತದ ಮಳೆ ಆಗಲೇ ಹೊಡೆಯುವುದು. ಒಮ್ಮೊಮ್ಮೆ ಚಂಡಮಾರುತವೂ ಬರುತ್ತದೆ. ಕರೆಂಟು ಹೋಗುತ್ತದೆ, ರಸ್ತೆ ಮುಳುಗುತ್ತದೆ, ಮನೆಯವರಿಗೆ ತಮ್ಮ ಬೆಳೆಯದೇ ಚಿಂತೆ. ಅಂಥ ಹೊತ್ತಿನಲ್ಲಿ ಅತಿಥಿಯಾಗಿ ಹೋಗುವುದು ಚೆನ್ನಾಗಿರುವುದಿಲ್ಲ.

ನನ್ನನ್ನು ಕೇಳಿದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗಿನ ಕಾಲ ಎಲ್ಲಕ್ಕಿಂತ ಮೇಲು. ಡಿಸೆಂಬರ್ ನಡುವಿಗೆ ಮಾರ್ಗಳಿ ತಿಂಗಳು ಹುಟ್ಟುತ್ತದೆ. ಬೆಳಕು ಹರಿಯುವ ಮೊದಲೇ ಬೀದಿಯ ಎಲ್ಲ ಮನೆಗಳ ಮುಂದೆ ದೊಡ್ಡ ದೊಡ್ಡ ರಂಗೋಲಿ. ನಡುವೆ ಸಗಣಿ ಉಂಡೆಗೆ ಸಿಕ್ಕಿಸಿದ ಹಳದಿ ಕುಂಬಳಹೂವು. ಸಾಂಬಾ ಅನ್ನುವ ಚಳಿಗಾಲದ ಬೆಳೆಯ ಭತ್ತ ಮೊದಲು ಹಸಿರಾಗಿರುತ್ತದೆ, ಜನವರಿ ಕಳೆದಂತೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ಜಾವ ಶಾಲು ಬೇಕಾಗುವಷ್ಟು ತಂಪು. ಕೊಯ್ಲಿಗೆ ಒಂದು ವಾರ, ಹತ್ತು ದಿನ ಇರುವಾಗಲೇ ನಿಂತ ಪೈರಿನ ನಡುವೆ ಉದ್ದು, ಹೆಸರುಕಾಳು ಎರಚುತ್ತಾರೆ. ಭತ್ತ ಕೊಯ್ದ ಮೇಲೆ ಕೂಳೆಯ ನಡುವಿನಿಂದ ಆ ಸಸಿಗಳು ಎದ್ದು ಬರುತ್ತವೆ. ನೆಲದಲ್ಲಿ ಉಳಿದ ತೇವದಲ್ಲೇ ಆ ಬೆಳೆ ಬೆಳೆಯುತ್ತದೆ. ಮನೆಯ ಯಜಮಾನರ ಜತೆ ಗದ್ದೆಗೆ ಹೋದರೆ ಇದನ್ನು ತೋರಿಸಿ ಅಂತ ಕೇಳಿ.

ಈ ಕಾಲದಲ್ಲೂ ತಪ್ಪಿಸಬೇಕಾದ ದಿನಗಳಿವೆ. ಪೊಂಗಲ್‌ನ ಮೂರು ನಾಲ್ಕು ದಿನ ಚೆನ್ನೈ, ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಬಂದು ಮನೆ ತುಂಬಿರುತ್ತದೆ. ಮನೆಯವರೇ ಬನ್ನಿ ಅಂದರೆ ಮಾತ್ರ ಹೋಗಿ. ರೈಲು, ಬಸ್ಸುಗಳಲ್ಲೂ ಜಾಗ ಇರುವುದಿಲ್ಲ. ಪುಷ್ಯ ಬಹುಳ ಪಂಚಮಿಗೆ ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ. ಸಂಗೀತ ಬೇಕು ಅನ್ನುವವರು ಅದೇ ದಿನಗಳಿಗೆ ಹೋಗಲಿ, ಮನೆಯನ್ನು ಮಾತ್ರ ತಿಂಗಳುಗಳ ಮೊದಲೇ ಹಿಡಿಯಬೇಕು. 2028ರಲ್ಲಿ ಕುಂಭಕೋಣದಲ್ಲಿ 12 ವರ್ಷಕ್ಕೊಮ್ಮೆ ಬರುವ ಮಹಾಮಹಂ ಪುಣ್ಯಸ್ನಾನದ ಜಾತ್ರೆ ಇದೆ. ಆ ವರ್ಷ ಮಾಸಿ ತಿಂಗಳಲ್ಲಿ, ಅಂದರೆ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನ ತನಕ, ನೆಮ್ಮದಿ ಹುಡುಕಿಕೊಂಡು ಆ ಕಡೆ ಹೋಗಬೇಡಿ.

ಯಾವ ಊರು?

ಪೇಟೆಯಿಂದ ಐದಾರು ಕಿಲೋಮೀಟರಿಗಿಂತ ದೂರ, ಇಪ್ಪತ್ತಕ್ಕಿಂತ ಹತ್ತಿರ. ನನ್ನ ಲೆಕ್ಕ ಇಷ್ಟೇ. ಔಷಧಿ ಅಂಗಡಿ, ಡಾಕ್ಟರು ಅರ್ಧ ಗಂಟೆಯಲ್ಲಿ ಸಿಗಬೇಕು. ರಾತ್ರಿ ಲಾರಿ ಸದ್ದು ಕೇಳಬಾರದು.

ಸ್ವಾಮಿಮಲೈ ಸುತ್ತಿನ ಹಳ್ಳಿಗಳು ಹೊಸಬರಿಗೆ ಅನುಕೂಲ. ಹೊಳೆಯೂ ಹತ್ತಿರ, ಕುಂಭಕೋಣವೂ ಹತ್ತಿರ. ಪಾಪನಾಶಂ, ಕಬಿಸ್ತಲಂ ಕಡೆ ಇನ್ನೂ ಶಾಂತ, ಬಾಳೆತೋಟ ಜಾಸ್ತಿ. ತಿರುವೈಯಾರು ಕಡೆಯ ಊರುಗಳು ಸಂಗೀತದವರಿಗೆ. ಮನ್ನಾರ್‌ಗುಡಿ, ತಿರುತ್ತುರೈಪ್ಪೂಂಡಿ ದಾಟಿ ಸಮುದ್ರದ ಕಡೆ ಹೋದರೆ ಕೋಡಿಯಕ್ಕರೈನ ಪಕ್ಷಿಧಾಮ ಸಿಗುತ್ತದೆ. ಚಳಿಗಾಲದಲ್ಲಿ ರಾಜಹಂಸಗಳು ಅಲ್ಲಿಗೆ ಬರುತ್ತವೆ. ಆ ಕಡೆಯ ಹಳ್ಳಿಗಳು ಚೆಂದ, ಆದರೆ ಇಳಿದುಕೊಳ್ಳಲು ಮನೆ ಸಿಗುವುದು ಕಷ್ಟ. ಮೊದಲ ಸಲಕ್ಕೆ ಕುಂಭಕೋಣಂ ಸುತ್ತಲೇ ಇರಲಿ.

ಫೋನಿನಲ್ಲಿ ಕೇಳಬೇಕಾದ ಮಾತುಗಳು

ಫೋಟೊ ನೋಡಿ ದುಡ್ಡು ಕಟ್ಟಬೇಡಿ. ಫೋನ್ ಮಾಡಿ. ಈ ಸೀಮೆಯಲ್ಲಿ ಹೋಮ್‌ಸ್ಟೇ ಅನ್ನುವ ಹೆಸರಿನಲ್ಲಿ ಮೂರು ಥರದ ಜಾಗಗಳಿವೆ. ಒಂದು, ಹಳೇ ಮನೆಗಳನ್ನು ಕೊಂಡು ರೆಸಾರ್ಟ್ ಮಾಡಿರುವುದು. ಎರಡು, ತೋಟದಲ್ಲಿ ಹೊಸದಾಗಿ ಕಟ್ಟಿದ ಕಾಟೇಜು. ಮಾಲೀಕರು ಬೇರೆ ಊರಲ್ಲಿರುತ್ತಾರೆ, ಇರುವುದು ಕಾವಲಿನವರು ಮಾತ್ರ. ಮೂರು, ಒಂದು ಕುಟುಂಬ ವಾಸ ಇರುವ ಮನೆಯ ಒಂದೆರಡು ಕೋಣೆ. ನಮಗೆ ಬೇಕಿರುವುದು ಮೂರನೆಯದು. ಹಾಗಾಗಿ ಮೊದಲ ಪ್ರಶ್ನೆ: "ನೀವು ಆ ಮನೆಯಲ್ಲೇ ಇರ್ತೀರಾ? ಅಡುಗೆ ಯಾರು ಮಾಡ್ತಾರೆ?" ಇದಕ್ಕೆ ಸಿಗುವ ಉತ್ತರದಲ್ಲೇ ಮುಕ್ಕಾಲು ವಿಷಯ ತಿಳಿಯುತ್ತದೆ.

ಎರಡನೆಯದು ಬಚ್ಚಲು, ಪಾಯಿಖಾನೆ. ಇಲ್ಲಿನ ಹಳೇ ಮನೆಗಳು ಅಗಲ ಕಡಿಮೆ, ಉದ್ದ ಬಹಳ. ಬೀದಿ ಕಡೆ ಜಗುಲಿ, ಒಳಗೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಪಡಸಾಲೆ, ಆಮೇಲೆ ಅಡುಗೆಮನೆ, ಬಾವಿ, ಹಿತ್ತಲು. ಪಾಯಿಖಾನೆ ಹಿತ್ತಲ ಕೊನೆಯಲ್ಲಿರುವುದು ಸಾಮಾನ್ಯ. ವಯಸ್ಸಾದವರು ಜತೆಗಿದ್ದರೆ ರಾತ್ರಿ ಅಷ್ಟು ದೂರ ನಡೆಯುವುದು ಕಷ್ಟ. ಕೋಣೆಗೆ ಎಷ್ಟು ದೂರ, ಕಮೋಡ್ ಇದೆಯಾ, ಹೊಸ್ತಿಲು ಎಷ್ಟು ಎತ್ತರ ಅಂತ ಕೇಳಲು ಸಂಕೋಚ ಬೇಡ.

ಮೂರನೆಯದು ಊಟ. ಅಗ್ರಹಾರದ ಮನೆಗಳಲ್ಲಿ ಸಸ್ಯಾಹಾರ ಮಾತ್ರ. ಕೆಲವು ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಹೊರಗಿನಿಂದ ಮೊಟ್ಟೆ ತಂದು ತಿನ್ನುತ್ತೇವೆ ಅಂದರೆ ಅವರಿಗೆ ನೋವಾಗುತ್ತದೆ. ನಾಟಿ ಕೋಳಿ, ಹೊಳೆ ಮೀನು ಬೇಕಿದ್ದರೆ ಅಂಥ ಮನೆಯನ್ನೇ ಆರಿಸಿ. ಅಲ್ಲೂ ಅಮಾವಾಸ್ಯೆ, ಪುರಟ್ಟಾಸಿ ತಿಂಗಳ (ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ) ಶನಿವಾರಗಳಲ್ಲಿ ಮಾಂಸ ಮಾಡದ ಮನೆಗಳು ಬಹಳ. ದಿನ ನೋಡಿಕೊಂಡು ಹೋಗಿ. ಕುಡಿತದ ವಿಚಾರವನ್ನೂ ಮೊದಲೇ ಮಾತಾಡಿಬಿಡಿ. ಒಂದು ಕುಟುಂಬದ ಮನೆಯಲ್ಲಿ ಅದು ನಡೆಯುವುದಿಲ್ಲ ಅಂದುಕೊಂಡೇ ಹೋಗುವುದು ಒಳ್ಳೆಯದು.

ಇನ್ನುಳಿದದ್ದು ಸಣ್ಣ ಸಣ್ಣ ವಿಷಯ. ಬಾಡಿಗೆಯಲ್ಲಿ ಮೂರು ಹೊತ್ತಿನ ಊಟ ಸೇರಿದೆಯಾ? ಎಸಿ ಇದೆಯಾ, ಕರೆಂಟು ಹೋದರೆ ಇನ್ವರ್ಟರ್ ಇದೆಯಾ? ಊರಹಬ್ಬ ಇದೆಯಾ? ಕೊನೆಯದನ್ನು ಮರೆಯಬೇಡಿ. ಊರ ಅಮ್ಮನ ಹಬ್ಬ ಇದ್ದರೆ ಬೆಳಗಿನ ಜಾವದಿಂದಲೇ ಮೈಕ್ ಶುರುವಾಗುತ್ತದೆ. ಕೆಲವರಿಗೆ ಅದೇ ಸಂಭ್ರಮ, ನಿದ್ದೆ ಬೇಕು ಅಂತ ಹೋದವರಿಗೆ ಶಿಕ್ಷೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತಲೂ ಕೇಳಿ. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಜತೆಗಿದ್ದರೆ ಇದು ಬಹಳ ಮುಖ್ಯ. ಅಂಥವರು ಬಂದಾಗ ಮನೆಯವರು ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು.

ಹೋಗುವ ದಾರಿ

ರೈಲು ಎಲ್ಲಕ್ಕಿಂತ ಸಲೀಸು. ಮೈಸೂರಿನಿಂದ ಹೊರಟು ಬೆಂಗಳೂರಿನ ಮೇಲೆ ಹೋಗುವ ಮಯಿಲಾಡುತುರೈ ಎಕ್ಸ್‌ಪ್ರೆಸ್ ಇದೆ. ಈಗ ಅದು ಕಡಲೂರು ಪೋರ್ಟ್‌ವರೆಗೂ ಹೋಗುತ್ತದೆ. ಬೆಂಗಳೂರಿನಲ್ಲಿ ಸಂಜೆ ಹತ್ತಿದರೆ ಹೊಸೂರು, ಸೇಲಂ, ಈರೋಡು, ತಿರುಚಿ ದಾಟಿ ಬೆಳಗ್ಗೆ ತಂಜಾವೂರು, ಪಾಪನಾಶಂ, ಕುಂಭಕೋಣಂ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ವಾರಾಂತ್ಯಕ್ಕೆ ಬೇಗ ತುಂಬುತ್ತದೆ. ತಂಜಾವೂರು ಬರುವ ಹೊತ್ತಿಗೆ ಎದ್ದು ಕಿಟಕಿ ಪಕ್ಕ ಕೂರಿ. ಅಲ್ಲಿಂದ ಮುಂದಕ್ಕೆ ಎರಡೂ ಕಡೆ ಗದ್ದೆಯೇ ಗದ್ದೆ.

ಕಾರಿನಲ್ಲಾದರೆ ಬೆಂಗಳೂರಿನಿಂದ 400 ಕಿಲೋಮೀಟರ್ ದಾಟುತ್ತದೆ. ಸೇಲಂ, ನಾಮಕ್ಕಲ್ ಮೇಲೆ ಹೋಗಿ. ನಾಮಕ್ಕಲ್ ಆದಮೇಲೆ ತೊಟ್ಟಿಯಂ, ಮುಸಿರಿ ಹಾದು ತಿರುಚಿಗೆ ಹೋಗುವ ರಸ್ತೆ ಹಿಡಿದರೆ ಬಹಳ ದೂರ ಕಾವೇರಿಯ ಬಡಗಣ ದಂಡೆಯ ಮೇಲೇ ಸಾಗುತ್ತೀರಿ. ಸ್ವಲ್ಪ ನಿಧಾನವಾದರೂ ಅದೇ ದಾರಿ ಚೆನ್ನ. ಸಮಯ ಇದ್ದರೆ ತಿರುಚಿ ದಾಟಿದ ಮೇಲೆ ಕಲ್ಲಣೈ ಹತ್ತಿರ ನಿಲ್ಲಿ. ಕರಿಕಾಲ ಚೋಳ ಕಟ್ಟಿಸಿದ್ದು ಅಂತ ಹೆಸರಾದ ಹಳೆಯ ಅಣೆ ಅದು. ಡೆಲ್ಟಾದ ನೀರು ಕವಲೊಡೆಯುವುದು ಅಲ್ಲೇ: ಕಾವೇರಿ, ವೆಣ್ಣಾರು, ಕಲ್ಲಣೈ ಕಾಲುವೆ, ಹೆಚ್ಚಾದ ನೀರಿಗೆ ಕೊಳ್ಳಿಡಂ. ಅದನ್ನು ಒಮ್ಮೆ ನೋಡಿಕೊಂಡರೆ ನೀವು ಇಳಿದುಕೊಳ್ಳುವ ಹಳ್ಳಿಯ ನಾಲೆಗೆ ನೀರು ಎಲ್ಲಿಂದ ಬರುತ್ತದೆ ಅನ್ನುವುದು ಮನಸ್ಸಿನಲ್ಲಿ ಕೂರುತ್ತದೆ.

ಊರೊಳಗಿನ ಓಡಾಟಕ್ಕೆ ಟೌನ್ ಬಸ್ಸುಗಳಿವೆ. ಸಾಮಾನ್ಯ ದರದ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, 2021ರಿಂದ ಹೀಗೆ. ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಮನೆಯಲ್ಲೇ ಕೇಳಿಕೊಂಡು ಹೊರಡಿ.

ಚೀಲದಲ್ಲಿ ಏನಿರಬೇಕು

ಹತ್ತಿ ಬಟ್ಟೆ, ಪಂಚೆ, ಹವಾಯಿ ಚಪ್ಪಲಿ, ಟಾರ್ಚು, ಸೊಳ್ಳೆಗೆ ಹಚ್ಚುವ ಕ್ರೀಮು. ಗದ್ದೆ ಸುತ್ತ ಸೊಳ್ಳೆ ಇದ್ದೇ ಇರುತ್ತದೆ, ಸೊಳ್ಳೆಪರದೆ ಕೊಡುತ್ತಾರಾ ಅಂತ ಕೇಳಿ. ಸ್ನಾನಕ್ಕೆ ಮೈ ಮುಚ್ಚುವ ಒಂದು ಜತೆ ಬಟ್ಟೆ ಬೇರೆ ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಮನೆಯವರಿಗೆ ಕೊಡಲು ನಮ್ಮೂರಿನದು ಏನಾದರೂ ಒಯ್ಯಿರಿ. ಮೈಸೂರು ಪಾಕ್ ಆಗಬಹುದು, ಚಿಕ್ಕಮಗಳೂರಿನ ಕಾಫಿಪುಡಿಯಂತೂ ಆ ಮನೆಗಳಲ್ಲಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ಊರಿನ ಹೊತ್ತಿಗೆ ಹೊಂದಿಕೊಳ್ಳುವುದು

ಮೊದಲ ದಿನ ಎಲ್ಲಿಗೂ ಹೋಗಬೇಡಿ. ಸುಮ್ನೆ ಊರು ಹೇಗೆ ನಡೆಯುತ್ತದೆ ನೋಡಿ. ಐದು ಗಂಟೆಗೆ ಬಾಗಿಲಿಗೆ ನೀರು ಹಾಕುವ ಸದ್ದು. ಆರಕ್ಕೆ ಹಾಲು, ಕಾಫಿ. ಎಂಟರ ಹೊತ್ತಿಗೆ ಗದ್ದೆಗೆ ಹೋಗುವವರೆಲ್ಲ ಹೋಗಿ ಆಗಿರುತ್ತದೆ. ಹನ್ನೆರಡೂವರೆಗೆ ಊಟ. ಆಮೇಲೆ ಬೀದಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ದೇವಸ್ಥಾನಗಳೂ ಮಧ್ಯಾಹ್ನ ಬಾಗಿಲು ಹಾಕಿದರೆ ತೆರೆಯುವುದು ನಾಲ್ಕಕ್ಕೆ. ಪಟ್ಟಿ ಹಿಡಿದು ಬಂದವರು ಈ ಹೊತ್ತಿನಲ್ಲಿ ಕಾರಿನಲ್ಲಿ ಬೇಯುತ್ತಿರುತ್ತಾರೆ. ನೀವು ಚಾಪೆ ಹಾಸಿಕೊಂಡು ತೊಟ್ಟಿಯ ಪಕ್ಕ ಮಲಗಿ. ನಾಲ್ಕಕ್ಕೆ ಮತ್ತೆ ಕಾಫಿ, ಐದಕ್ಕೆ ಜಗುಲಿ.

ಆ ಜಗುಲಿ ಬಹಳ ಮುಖ್ಯ. ಸಂಜೆ ಅಲ್ಲಿ ಕೂತರೆ ದಾರಿಹೋಕರೆಲ್ಲ ನಿಂತು ಮಾತಾಡಿಸುತ್ತಾರೆ. ಕರ್ನಾಟಕದವರು ಅಂತ ಗೊತ್ತಾದ ಕೂಡಲೇ ಕೆಆರ್‌ಎಸ್‌ನಲ್ಲಿ ನೀರು ಎಷ್ಟಿದೆ, ಕೊಡಗಿನಲ್ಲಿ ಮಳೆ ಆಯಿತಾ ಅಂತ ಕೇಳುತ್ತಾರೆ. ಜಗಳಕ್ಕೆ ಕೇಳುವುದಲ್ಲ. ಅವರ ನಾಟಿ ಅದರ ಮೇಲಿದೆ. 2018ರ ಸುಪ್ರೀಂ ಕೋರ್ಟ್ ತೀರ್ಪು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಂದಿತು. ಆ ಅಂಕಿ ಇಲ್ಲಿ ಸಣ್ಣ ರೈತರ ಬಾಯಲ್ಲೂ ಇದೆ. ಮಂಡ್ಯದ ಕಡೆಯವರು ನೀವಾಗಿದ್ದರೆ ಕಟ್ಟು ನೀರು, ಒಣಗಿದ ಕೊನೆಭಾಗದ ನಾಲೆ, ಇವೆಲ್ಲ ನಿಮಗೂ ಗೊತ್ತು. ವಾದಕ್ಕೆ ಇಳಿಯದೆ ನಿಮ್ಮ ಕಡೆಯ ಗದ್ದೆಯ ವಿಷಯ ಹೇಳಿ, ಅವರದ್ದನ್ನು ಕೇಳಿ. ಯಾವ ತಳಿ, ಎಕರೆಗೆ ಎಷ್ಟು ಮೂಟೆ, ನಾಟಿಗೆ ಆಳು ಸಿಗುತ್ತಾರಾ, ಸರ್ಕಾರದ ಖರೀದಿ ಕೇಂದ್ರದಲ್ಲಿ ಎಷ್ಟು ದಿನ ಕಾಯಿಸುತ್ತಾರೆ. ಈ ಮಾತುಕತೆ ಯಾವ ದೇವಸ್ಥಾನದ ಸಾಲಲ್ಲೂ ಸಿಗುವುದಿಲ್ಲ.

ಭಾಷೆಗೆ ಹೆದರಬೇಡಿ. ಅಕ್ಕಾ, ಅಣ್ಣಾ ಅಂದರೆ ಅಲ್ಲೂ ನಡೆಯುತ್ತದೆ. ಅಜ್ಜಿಗೆ ಪಾಟ್ಟಿ, ಅಜ್ಜನಿಗೆ ತಾತ್ತಾ. ಸಾಕು ಅನ್ನಲು "ಪೋದುಂ", ಬೇಡ ಅನ್ನಲು "ವೇಣ್ಡಾಂ". ಯಾವ ಮಾತಿನ ಕೊನೆಗೂ "ಙ್ಗ" ಸೇರಿಸಿದರೆ ಮರ್ಯಾದೆ ಬರುತ್ತದೆ. ಬಡಿಸುವವರ ಮುಂದೆ "ಪೋದುಂಙ್ಗ" ಅನ್ನುವುದು ನಿಮಗೆ ಮೊದಲು ಬೇಕಾಗುವ ಮಾತು.

ಊಟಕ್ಕೆ ಕೂತಾಗ

ಅನ್ನ ನಮ್ಮ ಸೋನಾ ಮಸೂರಿಯ ಹಾಗಿರುವುದಿಲ್ಲ. ಬಹಳ ಮನೆಗಳಲ್ಲಿ ಕುಸುಬಲಕ್ಕಿ. ಒಂದೆರಡು ಹೊತ್ತು ನಾಲಿಗೆಗೆ ಹೊಸತು ಅನ್ನಿಸಬಹುದು, ಆಮೇಲೆ ಹಿಡಿಸುತ್ತದೆ. ಎಲೆಯಲ್ಲಿ ಮೊದಲು ಬೇಳೆ ತುಪ್ಪ, ಆಮೇಲೆ ಸಾಂಬಾರು ಅಥವಾ ಕುಳಂಬು, ಆಮೇಲೆ ರಸಂ, ಕೊನೆಗೆ ಮಜ್ಜಿಗೆ. ಪಾಯಸ ಇದ್ದರೆ ರಸಂ ಆದ ಮೇಲೆ, ಮಜ್ಜಿಗೆಗೆ ಮೊದಲು. ಸಾರಿಗೆ ಅರ್ಧ ಬೆಲ್ಲ ಹಾಕುವ ನಮ್ಮ ಕಡೆಯವರಿಗೆ ಇಲ್ಲಿನ ಹುಳಿ ಜಾಸ್ತಿ ಅನ್ನಿಸುತ್ತದೆ. ವತ್ತಕುಳಂಬು ಅಂದರೆ ಒಣಗಿಸಿದ ಕಾಯಿಗಳನ್ನು ಎಳ್ಳೆಣ್ಣೆಯಲ್ಲಿ ಹುರಿದು, ಹುಣಸೆಹುಳಿಯಲ್ಲಿ ಗಟ್ಟಿಯಾಗಿ ಕುದಿಸಿದ್ದು. ಸುಟ್ಟ ಹಪ್ಪಳದ ಜತೆ ಅದನ್ನು ಒಂದು ಹೊತ್ತಾದರೂ ಕೇಳಿ ಮಾಡಿಸಿಕೊಳ್ಳಿ.

ಬೆಳಗಿನ ತಿಂಡಿಗೆ ಕಡಪ್ಪಾ ಕೇಳಿ. ಹೆಸರುಬೇಳೆ, ಆಲೂಗಡ್ಡೆ, ತೆಂಗಿನಕಾಯಿ, ಗಸಗಸೆ ಹಾಕಿ ಮಾಡುವ ತಿಳಿಯಾದ ಕೂಟು, ಇಡ್ಲಿಗೆ ಹಾಕಿಕೊಂಡು ತಿನ್ನುವುದು. ಕುಂಭಕೋಣದ ಸುತ್ತಮುತ್ತ ಬಿಟ್ಟು ಬೇರೆ ಕಡೆ ಸಿಗುವುದು ಅಪರೂಪ. ಹೋಟೆಲಿಗಿಂತ ಮನೆಯದು ರುಚಿ. ರಾತ್ರಿ ಸಾಮಾನ್ಯವಾಗಿ ಇಡ್ಲಿ, ದೋಸೆ. ರಾತ್ರಿಯೂ ಅನ್ನ ಬೇಕು ಅನ್ನುವವರು ಮೊದಲೇ ಹೇಳಿರಿ.

ತಂಗಳನ್ನವನ್ನು ಕೇಳಲು ನಾಚಿಕೆ ಬೇಡ. ರಾತ್ರಿ ನೀರಲ್ಲಿ ನೆನೆಸಿಟ್ಟ ಅನ್ನ, ಮಜ್ಜಿಗೆ, ಸಾಂಬಾರ್ ಈರುಳ್ಳಿ, ಮಜ್ಜಿಗೆ ಮೆಣಸಿನಕಾಯಿ. ಅತಿಥಿಗೆ ಇದನ್ನು ಕೊಡುವುದಾ ಅಂತ ಮನೆಯಾಕೆ ಹಿಂಜರಿಯಬಹುದು. ನೀವೇ ಕೇಳಿದರೆ ಅವರಿಗೆ ಖುಷಿ. ಸೆಕೆಗೆ ಅದಕ್ಕಿಂತ ಹಿತವಾದದ್ದಿಲ್ಲ. ಹಳೇ ತಳಿಯ ಅಕ್ಕಿ ಇಟ್ಟುಕೊಂಡಿರುವ ಮನೆಯಾದರೆ ಇನ್ನೂ ಒಳ್ಳೆಯದು. ಮಾಪ್ಪಿಳ್ಳೈ ಸಾಂಬಾ, ಕರುಪ್ಪು ಕವುಣಿ, ತೂಯಮಲ್ಲಿ, ಹೀಗೆ ಹೆಸರುಗಳೇ ಚೆಂದ. ಅಳಿದು ಹೋಗುತ್ತಿದ್ದ ಇಂಥ 174 ತಳಿಗಳನ್ನು ತಿರುತ್ತುರೈಪ್ಪೂಂಡಿ ಕಡೆಯ ನೆಲ್ ಜಯರಾಮನ್ ಉಳಿಸಿದರು. 2018ರಲ್ಲಿ ಅವರು ತೀರಿಕೊಂಡರು. ಅವರು ಹಂಚಿದ ಬೀಜ ಇಂದಿಗೂ ಈ ಸೀಮೆಯ ಗದ್ದೆಗಳಲ್ಲಿದೆ. ಮನೆಯಲ್ಲಿ ಅಂಥ ಅಕ್ಕಿ ಇದ್ದರೆ ಎರಡು ಕೆಜಿ ಕೊಂಡು ತನ್ನಿ.

ಕಾಫಿಯ ಬಗ್ಗೆ ಕುಂಭಕೋಣಕ್ಕೆ ದೊಡ್ಡ ಹೆಸರಿದೆ. ಹೆದ್ದಾರಿಯ "ಕುಂಭಕೋಣಂ ಕಾಫಿ" ಬೋರ್ಡುಗಳನ್ನು ನಂಬಬೇಡಿ. ನೀರು ಬೆರೆಸದ ಹಸುವಿನ ಹಾಲು, ಆಗಷ್ಟೇ ಇಳಿದ ಡಿಕಾಕ್ಷನ್, ಹಿತ್ತಾಳೆಯ ಲೋಟ ಬಟ್ಟಲು ಇರುವ ಮನೆಯಲ್ಲಿ ಅದನ್ನು ಕುಡಿಯಬೇಕು. ಊಟ ಆದಮೇಲೆ ಎಳೆಯ ವೀಳ್ಯದೆಲೆ. ಕುಂಭಕೋಣಂ ವೀಳ್ಯದೆಲೆಗೆ ಜಿಐ ಮಾನ್ಯತೆ, ಅಂದರೆ ಈ ಸೀಮೆಯದೇ ಅನ್ನುವ ಸರ್ಕಾರಿ ಗುರುತು, ಇದೆ. ಖಾರ ಇಲ್ಲ, ಬಾಯಲ್ಲಿ ಕರಗುತ್ತದೆ.

ಅರ್ಧ ದಿನದ ಓಡಾಟ, ದಿನಕ್ಕೆ ಒಂದೇ

ಎರಡನೇ ದಿನದಿಂದ ದಿನಕ್ಕೊಂದು ಜಾಗ ಸಾಕು. ಬೆಳಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್.

ದಾರಾಸುರಂ ಮೊದಲು. ಎರಡನೇ ರಾಜರಾಜ ಚೋಳ 12ನೇ ಶತಮಾನದಲ್ಲಿ ಕಟ್ಟಿಸಿದ ಐರಾವತೇಶ್ವರ ದೇವಸ್ಥಾನ, 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ತಂಜಾವೂರಿನ ದೊಡ್ಡ ಗುಡಿಯ ಎದುರು ಇದು ಸಣ್ಣದು. ಆದರೆ ಬೇಲೂರು, ಹಳೇಬೀಡಿನ ಕೆತ್ತನೆ ನೋಡಿದ ಕಣ್ಣಿಗೆ ಇದೇ ಹೆಚ್ಚು ಹಿಡಿಸುತ್ತದೆ. ಕುದುರೆ ಎಳೆಯುವ ಕಲ್ಲಿನ ರಥದ ಮಂಟಪ, ಗೇಣುದ್ದದ ಶಿವಭಕ್ತರ ಕಥೆಗಳು, ಒಂದೇ ತಲೆಯಲ್ಲಿ ಆನೆಯೂ ಬಸವನೂ ಕಾಣುವ ಕೆತ್ತನೆ. ಬೆಳಗ್ಗೆ ಏಳಕ್ಕೆ ಹೋಗಿ, ಜನವೇ ಇರುವುದಿಲ್ಲ.

ಸ್ವಾಮಿಮಲೈಯಲ್ಲಿ 60 ಮೆಟ್ಟಿಲಿನ ಮುರುಗನ ಗುಡಿಯ ಜತೆಗೆ ಪಂಚಲೋಹದ ಸ್ಥಪತಿಗಳ ಮನೆಗಳನ್ನು ನೋಡಿ. ತೆಂಗಿನಗರಿಯ ಸೀಳನ್ನು ಮಡಚಿ ಮಡಚಿ ಮೂರ್ತಿಯ ಅಳತೆ ತೆಗೆಯುತ್ತಾರೆ. ಜೇನುಮೇಣಕ್ಕೆ ಮರದ ರಾಳ ಬೆರೆಸಿ ಅದರಲ್ಲಿ ಮೂರ್ತಿ ಮಾಡಿ, ಕಾವೇರಿಯ ಮೆಕ್ಕಲು ಮಣ್ಣನ್ನು ಬಳಿದು ಒಣಗಿಸಿ, ಕಾಯಿಸಿ ಮೇಣವನ್ನು ಹರಿಸಿಬಿಡುತ್ತಾರೆ. ಆ ಟೊಳ್ಳಿಗೆ ಕರಗಿದ ಲೋಹ. ತಣಿದ ಮೇಲೆ ಮಣ್ಣಚ್ಚನ್ನು ಒಡೆಯಬೇಕು, ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಆ ನುಣುಪಾದ ಮಣ್ಣು ಇಲ್ಲಿನ ದಂಡೆಯಲ್ಲಿ ಸಿಗುತ್ತದೆ ಅಂತಲೇ ಈ ಕಸುಬು ಇಲ್ಲಿ ನೆಲೆ ನಿಂತಿದೆ. ಲೋಹ ಹೊಯ್ಯುವುದು ದಿನಾ ಇರುವುದಿಲ್ಲ. ಯಾವತ್ತು ಅಂತ ಮನೆಯವರಿಂದ ಫೋನ್ ಮಾಡಿಸಿ ಕೇಳಿಕೊಂಡು ಹೋಗಿ.

ತಿರುವೈಯಾರಿಗೆ ಒಂದು ಸಂಜೆ ಮೀಸಲಿಡಿ. ತ್ಯಾಗರಾಜರ ಸಮಾಧಿಯ ಮೇಲೆ ಗುಡಿ ಕಟ್ಟಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ತಮ್ಮ ಗಳಿಕೆಯನ್ನು ಅದಕ್ಕೆ ಸುರಿದರು. ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ ಅನ್ನುತ್ತಿದ್ದ ಕಾಲದಲ್ಲಿ ನಿಂತು ಹೋರಾಡಿ ಹಾಡಿಸಿದರು. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಗುಡಿಗೆ ಮುಖ ಮಾಡಿದೆ. ಕನ್ನಡ ನಾಡಿನಿಂದ ಹೋದವರು ಅಲ್ಲಿ ಒಂದು ಹೂವಿಟ್ಟು ಬರಲೇಬೇಕು ಅಂತ ನನ್ನ ಆಸೆ. ಬರುವಾಗ ಪೇಟೆಯಲ್ಲಿ ಅಶೋಕಾ ತಿನ್ನಿ, ಹೆಸರುಬೇಳೆಯ ಹಲ್ವ, ಬಿಸಿಬಿಸಿ.

ಮಾಧ್ವ ಮನೆಗಳವರಿಗೆ ಕುಂಭಕೋಣಂ ಪೇಟೆಯಲ್ಲಿರುವ ವಿಜಯೀಂದ್ರ ತೀರ್ಥರ ಬೃಂದಾವನ ಗೊತ್ತೇ ಇರುತ್ತದೆ. ರೇಷ್ಮೆಗೆ ತಿರುಭುವನಂ, ಹಿತ್ತಾಳೆ ದೀಪಕ್ಕೆ ನಾಚ್ಚಿಯಾರ್‌ಕೋಯಿಲ್. ಎಲ್ಲವನ್ನೂ ನೋಡಲು ಹೋಗಬೇಡಿ, ಎರಡು ಮೂರು ಆರಿಸಿಕೊಳ್ಳಿ.

ನೀರು, ಗದ್ದೆ, ಎಚ್ಚರ

ಸ್ನಾನಕ್ಕೆ ಬೇರೆ ಬಟ್ಟೆ ಅಂದೆನಲ್ಲ, ಅದು ಪಂಪ್‌ಸೆಟ್ಟಿಗೆ. ಗದ್ದೆಯ ಕೊಳವೆಬಾವಿಯಿಂದ ತೊಟ್ಟಿಗೆ ನೀರು ದಪ್ಪಗೆ ಬೀಳುತ್ತದೆ. ಅದರ ಕೆಳಗೆ ಬೆನ್ನು ಕೊಟ್ಟು ಕೂತರೆ ಮಕ್ಕಳು ಏಳುವುದೇ ಇಲ್ಲ, ದೊಡ್ಡವರೂ ಅಷ್ಟೇ. ಮನೆಯವರ ಗದ್ದೆಯದ್ದೇ ಆಗಿರಲಿ, ಅವರು ಮೋಟಾರ್ ಹಾಕುವ ಹೊತ್ತಿಗೆ ಹೋಗಿ. ಆ ನೀರಿಗೆ ಸೋಪು ಹಾಕಬೇಡಿ, ಅದು ನೇರ ಪೈರಿಗೆ ಹೋಗುತ್ತದೆ.

ಹೊಳೆಯಲ್ಲಿ ಮಾತ್ರ ಈಜಲು ಇಳಿಯಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮರಳು ತೆಗೆದ ಕಡೆ ಆಳದ ಗುಂಡಿಗಳಿವೆ, ಮೇಲಿಂದ ಕಾಣುವುದಿಲ್ಲ. ಅಣೆ, ಗೇಟುಗಳ ಕೆಳಗೆ ಸೆಳೆತ ಜಾಸ್ತಿ. ಮೇಲೆ ನೀರು ಬಿಟ್ಟರೆ ಮಟ್ಟ ಏಕಾಏಕಿ ಏರುತ್ತದೆ. ಕೊಳ್ಳಿಡಂನಲ್ಲಿ, ಅಣೈಕ್ಕರೈ ಕಡೆ, ಮೊಸಳೆಗಳೂ ಇವೆ. ಸೋಪಾನ ಇರುವ ಕಡೆ, ಊರವರು ಇಳಿಯುವ ಜಾಗದಲ್ಲಿ, ಮೊಣಕಾಲವರೆಗೆ ಇಳಿದು ಕಾಲು ತೊಳೆದುಕೊಳ್ಳಿ, ಸಾಕು.

ಗದ್ದೆ ಬದುವಿನ ಮೇಲೆ ನಡೆಯುವಾಗ ಮನೆಯವರ ಜತೆ ಹೋಗಿ. ಮಣ್ಣು ಹಸಿ ಇದ್ದಾಗ ಬದು ಕುಸಿದರೆ ನೀರು ಪಕ್ಕದ ಗದ್ದೆಗೆ ಹೋಗುತ್ತದೆ, ಅದು ಊರಲ್ಲಿ ದೊಡ್ಡ ಮಾತು. ಕತ್ತಲಾದ ಮೇಲೆ ಟಾರ್ಚು, ಚಪ್ಪಲಿ ಇಲ್ಲದೆ ಹೊರಗೆ ಕಾಲಿಡಬೇಡಿ, ಇಲಿಗಳಿರುವ ಕಡೆ ಹಾವಿರುತ್ತದೆ. ನಾಟಿ ಮಾಡುವ ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಕೆಸರಲ್ಲಿ ಬಗ್ಗಿ ದುಡಿಯುತ್ತಿರುವವರು ಅವರು. ಹೋಗಿ ಮಾತಾಡಿಸಿ, ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಬೀದಿಯ ರಂಗೋಲಿ ತುಳಿಯದಂತೆ ಮಕ್ಕಳಿಗೆ ಮೊದಲೇ ಹೇಳಿರಿ. ಅಡುಗೆಮನೆ, ದೇವರ ಕೋಣೆಗೆ ಅವರು ಕರೆದರೆ ಮಾತ್ರ.

ಹೊರಡುವ ದಿನ

ವಾಪಸ್ ರೈಲು ಸಂಜೆ. ಹಾಗಾಗಿ ಹಗಲೆಲ್ಲ ನಿಮ್ಮದೇ. ಲೆಕ್ಕವನ್ನು ಹಿಂದಿನ ರಾತ್ರಿಯೇ ಮುಗಿಸಿ. ಹೊರಡುವ ಗಡಿಬಿಡಿಯಲ್ಲಿ ದುಡ್ಡಿನ ಮಾತು ಇಬ್ಬರಿಗೂ ಮುಜುಗರ. ಯುಪಿಐ ನಡೆಯುತ್ತದೆ, ಆದರೂ ನಗದು ಇಟ್ಟುಕೊಂಡಿರಿ, ಕೆಲವು ಊರುಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ಪಾತ್ರೆ ತೊಳೆದವರಿಗೆ, ಅಂಗಳ ಗುಡಿಸಿದವರಿಗೆ ಬೇರೆಯಾಗಿ, ಅವರ ಕೈಗೇ ಕೊಡಿ. ಮನೆಯಾಕೆ ಮಾಡಿದ ಸಂಡಿಗೆ, ಬೇಳೆಪುಡಿ ಕೊಳ್ಳುತ್ತೇವೆ ಅಂದರೆ ಎಷ್ಟೋ ಮನೆಗಳಲ್ಲಿ ದುಡ್ಡು ಬೇಡ ಅನ್ನುತ್ತಾರೆ. ಒತ್ತಾಯ ಮಾಡಿ ಕೊಡಿ, ಅದು ಅವರ ದುಡಿಮೆ.

ವೀಳ್ಯದೆಲೆ ಬೇಕಿದ್ದರೆ ಕೊನೆಯ ದಿನವೇ ಕೊಳ್ಳಿ. ಬಾಳೆಪಟ್ಟಿಯಲ್ಲಿ ಸುತ್ತಿಕೊಡುತ್ತಾರೆ, ಒದ್ದೆ ಬಟ್ಟೆ ಸುತ್ತಿಟ್ಟರೆ ಬೆಂಗಳೂರು ತಲುಪುವಾಗಲೂ ಬಾಡಿರುವುದಿಲ್ಲ. ರಾತ್ರಿಯ ಊಟವನ್ನು ಮನೆಯಲ್ಲೇ ಕಟ್ಟಿಸಿಕೊಳ್ಳಿ. ಪುಳಿಯೋಗರೆ, ಮೊಸರನ್ನ ಬೇಕು ಅಂತ ಬೆಳಗ್ಗೆಯೇ ಹೇಳಿದರೆ ಸ್ಟೇಷನ್ನಿಗೆ ಹೊರಡುವ ಹೊತ್ತಿಗೆ ಬಾಳೆಲೆಯಲ್ಲಿ ಪೊಟ್ಟಣ ತಯಾರಿರುತ್ತದೆ.